"ಹೇಳು, ಹೇಳು" ಅನ್ನುವುದನ್ನು ಬಿಟ್ಟ ಮೇಲೆ: ಮನೆಯಲ್ಲೇ ಮಗುವಿನ ಮಾತು ಬೆಳೆಸುವ ಬಗೆ

ತಿಪಟೂರಿನಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಅಲ್ಲಿಯ ಉದ್ದರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಐದು ಪದ ಬರೆದಿಟ್ಟಿದ್ದೇನೆ. ಅಮ್ಮ, ತಾ, ಟಾಟಾ, ಬೌ, ಇಲ್ಲ. ನಮ್ಮ ಪುಟ್ಟನಿಗೆ ಎರಡು ವರ್ಷ ಮೂರು ತಿಂಗಳಾಗಿದ್ದಾಗ ಅವನ ಬಾಯಲ್ಲಿ ಇದ್ದದ್ದು ಅಷ್ಟೇ ಮಾತು. ಈಗ ಅವನಿಗೆ ಐದು ವರ್ಷ. ಅಂಗಡಿಗೆ ಯಾರಾದರೂ ಬಂದರೆ ನನಗಿಂತ ಮುಂಚೆ "ಏನ್ ಬೇಕು?" ಅಂತ ಕೇಳುವವನು ಅವನೇ.

ಈ ನಡುವೆ ನಾವು ಏನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು, ಯಾವುದರಿಂದ ಟೈಮ್ ಹಾಳಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಥೆರಪಿಸ್ಟ್ ಅಲ್ಲ. ಥೆರಪಿಸ್ಟ್ ಹೇಳಿಕೊಟ್ಟಿದ್ದನ್ನು ದಿನಾ ಅಂಗಡಿಯಲ್ಲಿ, ಊಟದ ಹೊತ್ತಿನಲ್ಲಿ, ಬಚ್ಚಲಲ್ಲಿ ಮಾಡಿ ನೋಡಿದ ಒಬ್ಬ ಅಪ್ಪ. ನಿಮ್ಮ ಮನೆಯಲ್ಲೂ ಮಾತು ತಡವಾಗಿರುವ ಮಗು ಇದ್ದರೆ, ರಾತ್ರಿ ಅದನ್ನೇ ಯೋಚಿಸುತ್ತಾ ನಿದ್ದೆ ಬರದೆ ಹೊರಳಾಡುತ್ತಿದ್ದರೆ, ಇದು ನಿಮಗಾಗಿ.

ಮೊದಲು ಕಿವಿ ನೋಡಿಸಿ

ಮನೆಯಲ್ಲಿ ಏನೇ ಶುರು ಮಾಡುವ ಮುಂಚೆ ಮಗುವಿನ ಕಿವಿ ಪರೀಕ್ಷೆ ಆಗಬೇಕು. ಇದನ್ನು ನಾನು ಜೋರಾಗಿ ಹೇಳುತ್ತೇನೆ, ಯಾಕೆಂದರೆ ನಾವು ಇದರಲ್ಲೇ ತಡ ಮಾಡಿದೆವು. ಅಂಗಡಿಯ ಶಟರ್ ಗಡಗಡ ಅಂದರೆ ಪುಟ್ಟ ಬೆಚ್ಚುತ್ತಿದ್ದ. ಹಾಗಾಗಿ ಕಿವಿ ಸರಿಯಾಗಿದೆ ಅಂದುಕೊಂಡಿದ್ದೆವು. ಅದು ಪರೀಕ್ಷೆಯೇ ಅಲ್ಲ. ಬಾಗಿಲು ಬಡಿದರೆ ತಿರುಗುವ ಮಗುವಿಗೂ ಸ, ಶ ಥರದ ಸಣ್ಣ ದನಿಗಳು ಕೇಳದೆ ಇರಬಹುದು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡುವುದೂ ಅಷ್ಟೇ. ಮಗು ನೆರಳು ನೋಡಿ ತಿರುಗಿರಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿಕೊಂಡು, ದನಿಗಳು ಮಂದವಾಗಿ ಕೇಳುವುದೂ ಉಂಟು. ಮಗುವಿಗೆ ನೋವೇ ಇರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಓಎಇ ಅಂತ ಒಂದಿದೆ. ಕಿವಿಯಲ್ಲಿ ಪುಟ್ಟ ಬಿರಡೆ ಇಟ್ಟು ನೋಡುತ್ತಾರೆ, ಹುಟ್ಟಿದ ಮಗುವಿಗೂ ಮಾಡುತ್ತಾರೆ. ಬೆರಾ ಅಂತ ಇನ್ನೊಂದು. ಅದಕ್ಕೆ ಮಗು ನಿದ್ದೆ ಮಾಡಿರಬೇಕು. ಎರಡೂ ನೋಯುವುದಿಲ್ಲ. ಪುಟ್ಟನ ಕಿವಿ ಸರಿಯಾಗಿಯೇ ಇತ್ತು. ಆದರೆ ಅದು ಗೊತ್ತಾಗಿದ್ದು ಎರಡೂಕಾಲು ವರ್ಷಕ್ಕೆ.

ಅದಕ್ಕೂ ಮುಂಚೆ, ಒಂದೂವರೆ ವರ್ಷಕ್ಕೇ ಒಬ್ಬ ಡಾಕ್ಟರಿಗೆ ತೋರಿಸಿದ್ದೆವು. "ಗಂಡು ಮಕ್ಕಳು ಮಾತಾಡೋದು ಲೇಟು, ಕಾಯಿರಿ" ಅಂದರು. ಕಾದೆವು. ಒಂಬತ್ತು ತಿಂಗಳು ಕಾದೆವು. ಮನೆಯಲ್ಲೂ ಎಲ್ಲರದೂ ಅದೇ ಮಾತು. "ನಿಮ್ಮಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು." ಆ ಒಂಬತ್ತು ತಿಂಗಳು ನನಗೆ ಇವತ್ತಿಗೂ ನೋವು ಕೊಡುತ್ತದೆ. ಹುಡುಗಿಯರಿಗಿಂತ ಹುಡುಗರು ಸ್ವಲ್ಪ ನಿಧಾನ ಇರಬಹುದು, ಆದರೆ ಆ ವ್ಯತ್ಯಾಸ ಸಣ್ಣದು. ಅದೇ ನೆಪ ಹೇಳಿಕೊಂಡು ವರ್ಷಗಟ್ಟಲೆ ಕೂರುವಷ್ಟಲ್ಲ.

ಹಾಗಾದರೆ ಯಾವಾಗ ಗಾಬರಿಯಾಗಬೇಕು? ಗಾಬರಿ ಯಾವಾಗಲೂ ಬೇಡ, ಆದರೆ ಯಾವಾಗ ಬಸ್ಸು ಹತ್ತಬೇಕು ಅನ್ನುವುದು ಗೊತ್ತಿರಬೇಕು. ಒಂದು ವರ್ಷಕ್ಕೆ ಬಬಬ, ದದದ ಅನ್ನದಿದ್ದರೆ, ಬೆರಳು ಮಾಡಿ ತೋರಿಸುವುದು ಟಾಟಾ ಮಾಡುವುದು ಏನೂ ಇಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ. ಹದಿನಾರು ತಿಂಗಳಿಗೆ ಒಂದು ಪದವೂ ಬರದಿದ್ದರೆ. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಥರ ಎರಡು ಪದ ತಾನಾಗಿ ಜೋಡಿಸದಿದ್ದರೆ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು ಅಂತ ಲೆಕ್ಕ. ಇನ್ನು, ಬರುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ಸರಿ, ಮಾರನೆ ದಿನವೇ ಹೊರಡಿ.

ಪದ ಎಣಿಸುವಾಗ ಸ್ಪಷ್ಟವಾಗಿ ಹೇಳಿದ್ದನ್ನೇ ಎಣಿಸಬೇಕು ಅಂತಿಲ್ಲ. ನಾಯಿಗೆ ಪ್ರತಿ ಸಲವೂ "ಬೌ" ಅಂದರೆ ಅದೂ ಪದವೇ. ಹಸುವಿಗೆ "ಅಂಬಾ", ಊಟಕ್ಕೆ "ಮಮ್ಮು", ನಿದ್ದೆಗೆ "ತಾಚಿ" ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಇಲ್ಲೇ ಬಜೆಯ ಮಾತನ್ನೂ ಮುಗಿಸಿಬಿಡುತ್ತೇನೆ. ನಮ್ಮ ಕಡೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಅನ್ನುತ್ತಾರೆ. ನನ್ನ ಅಂಗಡಿಯಲ್ಲೇ ಬಜೆ ಮಾರುತ್ತೇನೆ, ನಾವೂ ಹಚ್ಚಿದೆವು. ಬಜೆಯಿಂದ ಮಾತು ಬರುವುದಿಲ್ಲ. ಅದನ್ನು ಜೇನುತುಪ್ಪದಲ್ಲಿ ಕಲಸಿ ಒಂದು ವರ್ಷದೊಳಗಿನ ಮಗುವಿಗೆ ಕೊಡುವುದಂತೂ ಬೇಡವೇ ಬೇಡ. ಆ ವಯಸ್ಸಿಗೆ ಜೇನು ಅಪಾಯ. ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಅನ್ನುವುದೂ ಹಾಗೇ. ಆ ದಾರ ಬಿಗಿಯಾಗಿದ್ದರೆ ಒಂದೆರಡು ಅಕ್ಷರ ಸ್ಪಷ್ಟವಾಗದೆ ಇರಬಹುದು. ಆದರೆ ಪದಗಳೇ ಹುಟ್ಟದಿರುವುದಕ್ಕೆ ಅದು ಕಾರಣವಲ್ಲ.

ಬೆಲ್ಲದ ಡಬ್ಬಿ

ಮೈಸೂರಿನಲ್ಲಿ ಥೆರಪಿಸ್ಟ್ ಮೇಡಂ ಮೊದಲ ದಿನ ಪುಟ್ಟನಿಗೆ ಏನೂ ಕಲಿಸಲಿಲ್ಲ. ನೆಲದ ಮೇಲೆ ನಾಲ್ಕು ಆಟದ ಸಾಮಾನು ಹಾಕಿ, "ನೀವು ಮನೇಲಿ ಹೆಂಗೆ ಆಡಿಸ್ತೀರೋ ಹಂಗೆ ಆಡಿಸಿ" ಅಂತ ನನಗೆ ಹೇಳಿ ಪಕ್ಕದಲ್ಲಿ ಕೂತರು. ನಾನು ಹಸುವಿನ ಬೊಂಬೆ ಎತ್ತಿಕೊಂಡೆ. "ಇದೇನು ಪುಟ್ಟ? ಹೇಳು. ಹಸು. ಹಸು ಅನ್ನು. ಹ... ಸು... ಹೇಳು ಮರಿ. ಇದ್ಯಾವ ಬಣ್ಣ? ಹಸು ಹೆಂಗೆ ಕೂಗುತ್ತೆ? ಹೇಳು." ಅವನು ಗೋಡೆ ಕಡೆ ತಿರುಗಿಕೊಂಡ.

ಐದು ನಿಮಿಷ ಆದ ಮೇಲೆ ಮೇಡಂ ತಮ್ಮ ಹಾಳೆ ತೋರಿಸಿದರು. ನಾನು ಕೇಳಿದ ಪ್ರತಿ ಪ್ರಶ್ನೆಗೂ, "ಹೇಳು" ಅಂದ ಪ್ರತಿ ಸಲಕ್ಕೂ ಒಂದೊಂದು ಗೀಟು ಎಳೆದಿದ್ದರು. ಹಾಳೆ ತುಂಬಾ ಗೀಟು. "ಅವನು ಬಾಯಿ ತೆಗೆಯೋಕೆ ನೀವು ಜಾಗ ಎಲ್ಲಿ ಬಿಟ್ಟಿದೀರಿ ಸಾರ್?" ಅಂತ ಮೆತ್ತಗೆ ಕೇಳಿದರು. ಬೈಯಲಿಲ್ಲ. ಆದರೆ ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಚನ್ನರಾಯಪಟ್ಟಣದವರೆಗೂ ನಾನು ಮಾತಾಡಲಿಲ್ಲ.

ಅವರು ಕೊಟ್ಟ ಕೆಲಸ ಒಂದೇ. ಮಗುವಿಗೆ ಏನಾದರೂ ಬೇಕಾದಾಗ ಅದರ ಕಣ್ಣಿನ ಎತ್ತರಕ್ಕೆ ಕೂತು, ಮುಖ ನೋಡಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಬಾಯಿ ಮುಚ್ಚಿಕೊಂಡು.

ಪುಟ್ಟನಿಗೆ ಬೆಲ್ಲ ಅಂದರೆ ಪ್ರಾಣ. ಅಲ್ಲಿಯವರೆಗೆ ಅವನು ನನ್ನ ಪಂಚೆ ಎಳೆದು ಬೆರಳು ಮಾಡಿದರೆ ಸಾಕು, ನಾನು ಕೊಟ್ಟುಬಿಡುತ್ತಿದ್ದೆ. ಅವನಿಗೆ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ, ಅಲ್ವಾ? ಮಾರನೆ ದಿನ ಒಂದು ಪಾರದರ್ಶಕ ಡಬ್ಬಿಗೆ ಬೆಲ್ಲದ ಚೂರು ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಅವನ ಕೈಗೆ ಸಿಗುವ ಕಡೆ ಇಟ್ಟೆ. ಕಾಣಬೇಕು, ಆದರೆ ತೆಗೆಯಲು ಆಗಬಾರದು.

ಎತ್ತಿಕೊಂಡು ಬಂದ. ಮುಚ್ಚಳದ ಜೊತೆ ಗುದ್ದಾಡಿದ. ಆಗಲಿಲ್ಲ. ನನ್ನ ಕೈಗೆ ತುರುಕಿದ. ನಾನು ಅಕ್ಕಿ ಮೂಟೆಯ ಮೇಲೆ ಕೂತೆ, ಮುಖಕ್ಕೆ ಮುಖ ಬಂತು. ಡಬ್ಬಿ ಹಿಡಿದುಕೊಂಡು ಸುಮ್ನೆ ಅವನನ್ನೇ ನೋಡಿದೆ. ಒಂದು, ಎರಡು, ಮೂರು. ಮೂರಕ್ಕೇ ನನ್ನ ಬಾಯಿ "ಬೆಲ್ಲ ಬೇಕಾ" ಅನ್ನಲು ಹೊರಟಿತ್ತು. ತಡೆದುಕೊಂಡೆ. ಆರಕ್ಕೆ ಒಬ್ಬರು ಬಂದು ಅರ್ಧ ಕೇಜಿ ತೊಗರಿಬೇಳೆ ಅಂದರು. ಒಂದು ನಿಮಿಷ ಅಂತ ಕೈ ಸನ್ನೆ ಮಾಡಿದೆ. ಎಂಟಕ್ಕೆ ಪುಟ್ಟ ಮುಚ್ಚಳಕ್ಕೆ ಪಟ್ ಅಂತ ಹೊಡೆದು, "ತೆ" ಅಂದ.

"ತೆಗಿ! ಹೂಂ, ತೆಗೀತೀನಿ!" ಅಂದು ಮುಚ್ಚಳ ತೆಗೆದೆ. ಕಡಲೆಕಾಳಿನಷ್ಟು ಚೂರು ಕೊಟ್ಟೆ. ಜಾಸ್ತಿ ಕೊಟ್ಟರೆ ಆಟ ಅಲ್ಲಿಗೇ ಮುಗಿಯಿತು. ಮತ್ತೆ ಮುಚ್ಚಳ ಹಾಕಿದೆ. ಎರಡನೇ ಸಲ ನಾಲ್ಕು ಎಣಿಸುವುದರೊಳಗೆ "ತೆ" ಬಂತು. ಮೂರನೇ ಸಲ ಎಣಿಸಲೇ ಇಲ್ಲ. ತೊಗರಿಬೇಳೆಯವರು ಸಿಟ್ಟಾಗಲಿಲ್ಲ, ನಿಂತು ನೋಡುತ್ತಿದ್ದರು. ಉದ್ದರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಆರನೇ ಪದ ಬರೆದೆ.

ಮೇಡಂಗೆ ಫೋನ್ ಮಾಡಿ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಕೊರತೆ ಇತ್ತು. "ಬೆಲ್ಲ ಅನ್ನಲಿಲ್ಲ ಮೇಡಂ, ತೆ ಅಂದ." ಅವರಿಗೆ ಅದೇ ಖುಷಿ. ಬೆಲ್ಲ ಅನ್ನುವ ಪದ ಬೆಲ್ಲಕ್ಕೆ ಮಾತ್ರ ಆಗುತ್ತದೆ. "ತೆಗಿ" ಡಬ್ಬಿಗೂ ಆಗುತ್ತದೆ, ಬಾಗಿಲಿಗೂ ಆಗುತ್ತದೆ, ಬಿಸ್ಕತ್ ಪೊಟ್ಟಣಕ್ಕೂ, ಅಂಗಿಯ ಗುಂಡಿಗೂ ಆಗುತ್ತದೆ. ನಾವು ಮಕ್ಕಳಿಗೆ ಬರೀ ಹೆಸರು ಕಲಿಸುತ್ತೇವೆ. ಹಸು, ಬಸ್ಸು, ಸೇಬು. ಹೆಸರುಗಳ ರಾಶಿ ಹಾಕಿದರೆ ವಾಕ್ಯ ಆಗುವುದಿಲ್ಲ. ತೆಗಿ, ಬಾ, ಹೋಯ್ತು, ಬಿತ್ತು, ಕೊಡು, ಇನ್ನೂ, ಸಾಕು, ಬೇಡ. ಇಂಥವನ್ನು ಮೊದಲು ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬೀಳಿಸಿ.

ಇದರಲ್ಲಿ ಒಂದು ಎಚ್ಚರಿಕೆ ಇದೆ. ಹತ್ತು ಎಣಿಸಿದ ಮೇಲೂ ಮಗು ಏನೂ ಅನ್ನದಿದ್ದರೆ ಪದವನ್ನು ನೀವೇ ಒಂದು ಸಲ ಹೇಳಿ, ಕೊಟ್ಟುಬಿಡಿ. "ಹೇಳೋವರೆಗೂ ಕೊಡಲ್ಲ" ಅಂತ ಹಟ ಹಿಡಿಯಬೇಡಿ. ಮಗು ಅಳುವ ಹಂತಕ್ಕೆ ಬಂದರೆ ಅಲ್ಲಿ ಮಾತು ಕಲಿಯುವುದಿಲ್ಲ. ನೋಟ, ಕೈ ಚಾಚುವುದು, "ಉಂ" ಅನ್ನುವುದು ಎಲ್ಲವೂ ಉತ್ತರವೇ. ಹಸಿವಾದಾಗ, ನಿದ್ದೆ ಬಂದಾಗ ಈ ಆಟ ಬೇಡ. ಕಡಲೆಬೀಜ, ಗಟ್ಟಿ ಪೆಪ್ಪರ್‌ಮಿಂಟಿನಂಥ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು ಯಾವತ್ತೂ ಇಟ್ಟುಕೊಳ್ಳಬೇಡಿ.

ಬೆಲ್ಲವೇ ಆಗಬೇಕು ಅಂತಿಲ್ಲ. ಸೋಪಿನ ಗುಳ್ಳೆ ಊದಿ ನಿಲ್ಲಿಸಿ. ಉಪ್ಪುಮೂಟೆ ಹೊತ್ತು ನಾಲ್ಕು ಹೆಜ್ಜೆ ಹೋಗಿ ನಿಂತುಬಿಡಿ. ಉಯ್ಯಾಲೆ ಹಿಡಿದು ನಿಲ್ಲಿಸಿ. "ಇನ್ನೂ", "ಹೋಗು", "ತೂಗು" ಬರುವುದು ಆ ನಿಂತ ಗಳಿಗೆಯಲ್ಲೇ.

ಅಂಗಡಿಯಲ್ಲಿ ನಡೆದ ಪಾಠ

ಆಮೇಲೆ ಪ್ರಶ್ನೆ ಕಡಿಮೆ ಮಾಡಿದೆ. "ಇದೇನು?" ಅನ್ನುವ ಬದಲು ಅವನು ಏನು ನೋಡುತ್ತಿದ್ದಾನೋ ಅದನ್ನು ನಾನೇ ಹೇಳುವುದು. ಅವನು ಲಾರಿ ನೋಡುತ್ತಿದ್ದರೆ "ಲಾರಿ ಬಂತು." ಆಮೇಲೆ ಸುಮ್ಮನಿರುವುದು. ನನಗೆ ಕಲಿಸಬೇಕು ಅನ್ನಿಸಿದ್ದನ್ನಲ್ಲ, ಅವನ ಕಣ್ಣು ಎಲ್ಲಿದೆಯೋ ಅದನ್ನು. ಅವನು ಇರುವೆ ಸಾಲು ನೋಡುತ್ತಿರುವಾಗ ನೀವು ಸೇಬಿನ ಚಿತ್ರ ತೋರಿಸಿದರೆ ಸೇಬೂ ತಲೆಗೆ ಹೋಗುವುದಿಲ್ಲ, ಇರುವೆಯೂ ಹೋಗುವುದಿಲ್ಲ.

ನಮ್ಮ ಭಾಷೆಯಲ್ಲಿ ಶಬ್ದದ ಪದಗಳು ಎಷ್ಟು ಚೆನ್ನಾಗಿವೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಕ್ಕಿ ಸುರಿದರೆ ಸರ್ರ್. ತಕ್ಕಡಿಗೆ ಬಟ್ಟು ಇಟ್ಟರೆ ಟಣ್. ಎಣ್ಣೆ ಬಗ್ಗಿಸಿದರೆ ಗುಳುಗುಳು. ತೆಂಗಿನಕಾಯಿ ಒಡೆದರೆ ಟಪ್. ಮೂಟೆ ಇಳಿಸಿದರೆ ದಬ್. ಮಾತು ಬರದ ಮಗು ಮೊದಲು ಇವನ್ನೇ ಹಿಡಿಯುತ್ತದೆ, ಯಾಕೆಂದರೆ ಇವು ಸಣ್ಣವು, ಕಿವಿಗೆ ಮಜಾ, ಕಣ್ಣಮುಂದೆ ನಡೆಯುವಾಗಲೇ ಹೇಳುವಂಥವು. ಪುಟ್ಟನ ಏಳನೇ ಪದ "ದಬ್". ಮೂಟೆ ಬಿದ್ದರೂ ದಬ್, ಅವನೇ ಬಿದ್ದರೂ ದಬ್. ಅದರ ಪಕ್ಕದಲ್ಲೇ ನಾನು ಪ್ರತಿ ಸಲ "ಬಿತ್ತು" ಸೇರಿಸುತ್ತಾ ಹೋದೆ. "ದಬ್! ಬಿತ್ತು." ಮೂರು ವಾರಕ್ಕೆ "ಬಿತ್ತು" ಬಂತು.

ಇದಕ್ಕೆ ಅಳತೆ ಸುಲಭ. ಮಗು ಎಷ್ಟು ಪದ ಹೇಳಿತೋ ಅದಕ್ಕೆ ಒಂದೇ ಒಂದು ಸೇರಿಸಿ ವಾಪಸ್ ಹೇಳಿ. ಅವನು "ಲಾರಿ" ಅಂದರೆ ನೀವು "ಲಾರಿ ಬಂತು". ಅವನು "ಲಾರಿ ಬಂತು" ಅಂದರೆ ನೀವು "ದೊಡ್ಡ ಲಾರಿ ಬಂತು". "ನೋಡು ಪುಟ್ಟ, ಅಲ್ಲಿ ಕೊಬ್ಬರಿ ತುಂಬ್ಕೊಂಡು ಮಂಡಿ ಕಡೆ ಹೋಗ್ತಿದೆಯಲ್ಲ ಆ ಲಾರಿ" ಅಂದರೆ ಅಷ್ಟು ಉದ್ದದಲ್ಲಿ ಅವನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆದರೆ ಚಿಕ್ಕದು ಮಾಡುವ ಭರದಲ್ಲಿ ಕನ್ನಡವನ್ನು ಮುರಿಯಬೇಡಿ. "ಪುಟ್ಟ ಅಂಗಡಿ ಹೋಗು" ಅಲ್ಲ, "ಅಂಗಡಿಗೆ ಹೋಗೋಣ". ಆ "ಗೆ", "ಯಲ್ಲಿ", "ಯಿಂದ" ಎಲ್ಲ ಮಗು ಕೇಳಿ ಕೇಳಿಯೇ ಕಲಿಯಬೇಕು. ಅಣ್ಣ ಬಂದ, ಅಕ್ಕ ಬಂದಳು, ಬಸ್ಸು ಬಂತು. ನಮ್ಮಲ್ಲಿ ಇಡೀ ವಿಷಯ ಪದದ ಬಾಲದಲ್ಲೇ ಇರುತ್ತದೆ.

ಎರಡರಲ್ಲಿ ಒಂದು ಆರಿಸಲು ಕೊಡುವುದೂ ಚೆನ್ನಾಗಿ ಕೆಲಸ ಮಾಡಿತು. "ತಿನ್ನುತ್ತೀಯಾ?" ಅಂದರೆ ತಲೆ ಆಡಿಸಿದರೆ ಮುಗಿಯಿತು. ಎರಡನ್ನೂ ಕೈಯಲ್ಲಿ ಹಿಡಿದು "ಬಾಳೆಹಣ್ಣಾ, ಬಿಸ್ಕತ್ತಾ?" ಅಂದರೆ ಬಾಯಿ ತೆಗೆಯಲೇಬೇಕು. ಇಷ್ಟವಾದದ್ದನ್ನು ಕೊನೆಗೆ ಹೇಳಿ. ಕೊನೆಗೆ ಕೇಳಿದ್ದು ಬಾಯಿಗೆ ಬೇಗ ಬರುತ್ತದೆ.

ಇನ್ನು ಉಚ್ಚಾರ. ಪುಟ್ಟ ಸಕ್ಕರೆಗೆ "ತಕ್ಕಲೆ" ಅನ್ನುತ್ತಿದ್ದ. ಗಿರಾಕಿಗಳಿಗೆ ಅದು ಮುದ್ದು. "ಇನ್ನೊಂದ್ಸಲ ಹೇಳೋ, ತಕ್ಕಲೆ!" ಅಂತ ಹೇಳಿಸಿ ನಗುತ್ತಿದ್ದರು. ಎರಡು ದಿನ ಆಗುವಷ್ಟರಲ್ಲಿ ಅವನು ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಅವರೇನು ಕೆಟ್ಟವರಲ್ಲ. ಆದರೆ ನಾನು ಒಬ್ಬೊಬ್ಬರಿಗೂ ಕೈ ಮುಗಿದು ಹೇಳಿದೆ, ನಗಬೇಡಿ, ಹೇಳಿಸಬೇಡಿ ಅಂತ. ಪ, ಬ, ಮ ಬೇಗ ಬರುತ್ತವೆ. ಸ, ಳ ನಿಧಾನ. ರ ಎಲ್ಲಕ್ಕಿಂತ ನಿಧಾನ. ನಾಲ್ಕು ಐದು ವರ್ಷದವರೆಗೂ ರೈಲು "ಲೈಲು" ಆಗಿಯೇ ಇದ್ದರೆ ಹೆದರಬೇಡಿ. ತಿದ್ದಲೂ ಬೇಡಿ. "ಲೈಲು ಅಲ್ಲ, ರೈಲು ಅನ್ನು" ಅನ್ನುವ ಬದಲು "ಹೂಂ, ರೈಲು. ಉದ್ದ ರೈಲು" ಅಂತ ನೀವು ಸರಿಯಾಗಿ ಹೇಳಿ ಮುಂದೆ ಹೋಗಿ. ಮೂರು ವರ್ಷಕ್ಕೆ ಹೊರಗಿನವರಿಗೂ ಅವನ ಮಾತು ಮುಕ್ಕಾಲು ಪಾಲಾದರೂ ಅರ್ಥವಾಗಬೇಕು. ಇಲ್ಲದಿದ್ದರೆ ತೋರಿಸಿ.

ಬಚ್ಚಲು, ಅಜ್ಜಿ, ಕಥೆ

ಸ್ನಾನ ಮಾಡಿಸುವಾಗ ನನ್ನ ಹೆಂಡತಿ ದಿನಾ ಒಂದೇ ಕ್ರಮದಲ್ಲಿ ಒಂದೇ ಮಾತು ಹೇಳುತ್ತಾಳೆ. ಮೊದಲು ನೀರು, ಆಮೇಲೆ ಸೋಪು, ಆಮೇಲೆ ಟವಲ್. ತಲೆಗೆ ಚೊಂಬು ಎತ್ತಿ "ಒಂದು... ಎರಡು..." ಅಂದು ನಿಲ್ಲಿಸುವುದು. ಚೊಂಬು ಮೇಲೆಯೇ ಇರುತ್ತದೆ. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಅವನೇ "ಮೂಲು!" ಅಂತ ಕಿರುಚಿದ. ಬಚ್ಚಲಿನಿಂದ ಕೂಗು ಕೇಳಿ ನಾನು ಅಂಗಡಿ ಬಿಟ್ಟು ಓಡಿಬಂದಿದ್ದೆ. ದಿನಾ ನಡೆಯುವ ಕೆಲಸಕ್ಕೆ ದಿನಾ ಅದದೇ ಮಾತು ಜೋಡಿಸಿ, ಕೊನೆಯ ಪದ ಬಿಟ್ಟುಬಿಡಿ. ಮಗು ತುಂಬುತ್ತದೆ. ಬೇಜಾರಾಗುವುದು ನಮಗೆ, ಮಕ್ಕಳಿಗಲ್ಲ.

ಕಥೆಯೂ ಹಾಗೇ. ನನ್ನ ಅಮ್ಮ ರಾತ್ರಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಾರೆ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಗುಬ್ಬಕ್ಕನ ಮನೆ ಮುಂದೆ ನಿಂತು ಬಾಗಿಲು ಬಡಿಯುತ್ತಾಳಲ್ಲ, ಅದೇ. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು..." ಅಮ್ಮ ಅಲ್ಲಿಗೆ ನಿಲ್ಲಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ, ಅವರಿಗೇ ಹೊಳೆದಿತ್ತು. ಪುಟ್ಟ ಹೊದಿಕೆಯಿಂದ ತಲೆ ಹೊರಗೆ ಹಾಕಿ, "ತೆಗಿ!" ಅಂದ. ಬೆಲ್ಲದ ಡಬ್ಬಿಯ ಪದ ಕಾಗಕ್ಕನ ಬಾಯಿಗೆ ಬಂದಿತ್ತು. ಅಮ್ಮ ಅವತ್ತು ಆ ಬಾಗಿಲನ್ನು ಎಷ್ಟು ಸಲ ಬಡಿಸಿದರೋ ಲೆಕ್ಕವಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಈ ಕೆಲಸ ಒಪ್ಪಿಸಿ. ನಮಗಿಂತ ಅವರಿಗೆ ತಾಳ್ಮೆ ಜಾಸ್ತಿ, ನಮಗಿಂತ ಹೆಚ್ಚು ಕಥೆಯೂ ಗೊತ್ತು.

ಚಿತ್ರದ ಪುಸ್ತಕ ಓದುವಾಗ ಅಕ್ಷರ ಓದಲೇಬೇಕು ಅಂತಿಲ್ಲ. ಮಗು ನಿಲ್ಲಿಸಿದ ಪುಟದಲ್ಲಿ ನಿಲ್ಲಿ, ಅದು ಬೆರಳಿಟ್ಟ ಚಿತ್ರದ ಬಗ್ಗೆ ಮಾತಾಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಾವು ಎರಡು ಮೂರನ್ನು ಪ್ರಿಂಟ್ ಹಾಕಿಸಿ ದಾರ ಹೊಲಿದುಕೊಂಡೆವು. ಆದರೆ ಪುಟ್ಟನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ನಮ್ಮದೇ ಫೋಟೋ ಆಲ್ಬಮ್. ಅಜ್ಜಿ, ಅಂಗಡಿ, ಪಕ್ಕದ ಮನೆ ನಾಯಿ, ಸ್ಕೂಟರ್. ಹನ್ನೆರಡು ಫೋಟೋ ಸಾಕು.

ಫೋನ್

ಪುಟ್ಟ ಒಂದು ವರ್ಷದಿಂದಲೂ ಫೋನ್ ನೋಡಿಕೊಂಡೇ ಊಟ ಮಾಡುತ್ತಿದ್ದ. ಇಂಗ್ಲಿಷ್ ಅಕ್ಷರಮಾಲೆಯ ರಾಗ ಪೂರ್ತಿ ಗುನುಗುತ್ತಿದ್ದ, ಬಾಯಾರಿದರೆ ನೀರು ಕೇಳಲು ಬರುತ್ತಿರಲಿಲ್ಲ. ಆ ರಾಗ ಕೇಳಿ ನಾವು ಹೆಮ್ಮೆಪಟ್ಟಿದ್ದೆವು. ಫೋನ್ ಮಗುವಿಗಾಗಿ ಕಾಯುವುದಿಲ್ಲ, ಮಗು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೂರದ ಊರಿನ ತಾತನ ಜೊತೆ ವೀಡಿಯೋ ಕಾಲ್ ಮಾಡಿದರೆ ತೊಂದರೆಯಿಲ್ಲ, ಆ ಕಡೆ ಒಬ್ಬರು ಮನುಷ್ಯರಿದ್ದಾರೆ.

ನಾವು ಒಂದೇ ದಿನ ನಿಲ್ಲಿಸಿದೆವು. ಮೊದಲ ಮೂರು ದಿನ ಊಟ ಅಂದರೆ ರಂಪ. ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ. ಹೆಂಡತಿ ಅತ್ತಳು. ನಾಲ್ಕನೇ ದಿನದಿಂದ ತಟ್ಟೆಯಲ್ಲಿ ಏನಿದೆ ಅಂತ ನೋಡಲು ಶುರು ಮಾಡಿದ. ಇನ್ನೊಂದು ಮಾತು. ನಮ್ಮ ಫೋನನ್ನೂ ನಾವು ದೂರ ಇಡಬೇಕು. ಅಂಗಡಿಯಲ್ಲಿ ದಿನವಿಡೀ ಹಾಡುತ್ತಿದ್ದ ಟೀವಿಯನ್ನೂ ನಾನು ಆರಿಸಿದೆ. ಆ ಗದ್ದಲದಲ್ಲಿ ಸಣ್ಣ ಮಗು ನಮ್ಮ ಮಾತನ್ನು ಬೇರ್ಪಡಿಸಿ ಕೇಳುವುದು ಕಷ್ಟ.

ಎರಡು ಭಾಷೆಯ ಮನೆ

ನನ್ನ ಹೆಂಡತಿ ಪಾವಗಡದ ಕಡೆಯವಳು, ಮನೆಮಾತು ತೆಲುಗು. ಒಂದು ನರ್ಸರಿ ಶಾಲೆಯಲ್ಲಿ "ಎರಡು ಭಾಷೆ ಸೇರಿ ಮಗುವಿಗೆ ಗೊಂದಲ ಆಗಿದೆ, ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ" ಅಂದರು. ಅವಳು ಎರಡು ತಿಂಗಳು ಮಗನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿಬಿಟ್ಟಳು. ಬಾರದ ಇಂಗ್ಲಿಷಿನಲ್ಲಿ ಎಷ್ಟು ಅಂತ ಮಾತಾಡುವುದು? ಮಾತು ತಡವಾದ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ನಿಮಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು, ಬೈಯಲು, ಕಥೆ ಹೇಳಲು ಬರುತ್ತದೋ ಆ ಭಾಷೆಯಲ್ಲೇ ಮಾತಾಡಿ. ಪದ ಎಣಿಸುವಾಗ ಎರಡೂ ಭಾಷೆಯದನ್ನು ಕೂಡಿಸಿ. ಪುಟ್ಟನಿಗೆ ಹಾಲು ಬರುವ ಮುಂಚೆ ಅಮ್ಮನ ತೆಲುಗಿನ "ಪಾಲು" ಬಂತು. ಪ ಹೇಳುವುದು ತುಟಿಗೆ ಸುಲಭ. ಹಳಗನ್ನಡದಲ್ಲಿ ನಮ್ಮದೂ "ಪಾಲ್" ಅಂತಲೇ ಇತ್ತು ಅಂತ ಹೈಸ್ಕೂಲಿನಲ್ಲಿ ಓದಿದ್ದು ಆಗ ನೆನಪಾಯಿತು.

ಮಾತು ತಡವರಿಸಿದರೆ

ಮೂರೂವರೆ ವರ್ಷಕ್ಕೆ ಮಾತು ಸರಾಗವಾಗಿ ಬರತೊಡಗಿತು. ಅಷ್ಟರಲ್ಲಿ ಒಂದು ದಿನ "ನಾ ನಾ ನಾ ನಾನು" ಶುರುವಾಯಿತು. ಎದೆ ಧಸಕ್ಕೆಂದಿತು. ಎರಡರಿಂದ ಐದು ವರ್ಷದೊಳಗೆ ಎಷ್ಟೋ ಮಕ್ಕಳಿಗೆ ಇದು ಬಂದು ಹೋಗುತ್ತದೆ. "ನಿಧಾನ ಹೇಳು", "ಉಸಿರು ತಗೊಂಡು ಹೇಳು" ಅನ್ನಬೇಡಿ. ಅವನ ವಾಕ್ಯವನ್ನು ನೀವು ಮುಗಿಸಬೇಡಿ. ನೀವೇ ನಿಧಾನವಾಗಿ ಮಾತಾಡಿ, ಅವನು ಮುಗಿಸುವವರೆಗೆ ಕಣ್ಣು ನೋಡುತ್ತಾ ಕೇಳಿ. ಹೇಗೆ ಹೇಳಿದ ಅನ್ನುವುದಕ್ಕಲ್ಲ, ಏನು ಹೇಳಿದ ಅನ್ನುವುದಕ್ಕೆ ಉತ್ತರ ಕೊಡಿ. ನಮ್ಮಲ್ಲಿ ಮೂರು ತಿಂಗಳಲ್ಲಿ ಹೋಯಿತು. ಆರು ತಿಂಗಳಾದರೂ ಹೋಗದಿದ್ದರೆ, ಮನೆತನದಲ್ಲಿ ಯಾರಿಗಾದರೂ ಉಗ್ಗು ಇದ್ದರೆ, ಅಥವಾ ಮಾತಾಡುವಾಗ ಮಗು ಕಣ್ಣು ಬಿಗಿಹಿಡಿದು ಕಷ್ಟಪಡುತ್ತಿದ್ದರೆ ಕಾಯಬೇಡಿ, ತೋರಿಸಿ.

ಎಲ್ಲಿಗೆ ಹೋಗಬೇಕು

ಹತ್ತಿರದಲ್ಲೇ ಅಂದರೆ ನಿಮ್ಮ ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಕಿವಿ, ಮಾತು, ಬೆಳವಣಿಗೆಯ ತೊಂದರೆ ಎಲ್ಲ ಅದರಲ್ಲಿ ಸೇರಿದೆ. ತೊಂದರೆ ಕಂಡರೆ ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರುವ ದಿನ ಯಾವುದು ಅಂತ ಅಂಗನವಾಡಿ ಟೀಚರನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ.

ನಾವು ನೇರ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಆಟೋದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ, ಮನಶ್ಶಾಸ್ತ್ರಜ್ಞರು, ಕಿವಿ ಮೂಗು ಗಂಟಲು ಡಾಕ್ಟರು ಎಲ್ಲರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಮಗುವನ್ನು ಒಳಗೆ ಕರೆದುಕೊಂಡು ಹೋಗಿ ನಮ್ಮನ್ನು ಹೊರಗೆ ಕೂರಿಸಲಿಲ್ಲ. ನಾವೂ ಒಳಗಿದ್ದೆವು, ಕಲಿತದ್ದು ಅವನಿಗಿಂತ ಜಾಸ್ತಿ ನಾವೇ. ವಾರಕ್ಕೆ ಮುಕ್ಕಾಲು ಗಂಟೆ ಅವರ ಹತ್ತಿರ ಇರುತ್ತಾನೆ, ಉಳಿದ ಹೊತ್ತೆಲ್ಲ ನಮ್ಮ ಹತ್ತಿರ.

ಹೋಗುವಾಗ ಎರಡು ವಸ್ತು ತೆಗೆದುಕೊಂಡು ಹೋಗಿ. ಒಂದು, ಪದಗಳ ಪಟ್ಟಿ. ಮಗು ಹೇಳುವ ಹಾಗೇ ಬರೆಯಿರಿ, ಪಕ್ಕದಲ್ಲಿ ಅರ್ಥ ಬರೆಯಿರಿ. "ತೆ: ತೆಗಿ" ಅನ್ನುವ ಹಾಗೆ. ಇನ್ನೊಂದು, ಮನೆಯಲ್ಲಿ ಮಗು ಆಡುವಾಗ ತೆಗೆದ ಎರಡು ನಿಮಿಷದ ವೀಡಿಯೋ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ತುಟಿ ಪಿಟಿಕ್ ಅನ್ನುವುದಿಲ್ಲ. ಹುಟ್ಟಿದಾಗಿನ ಆಸ್ಪತ್ರೆ ಕಾಗದ, ಲಸಿಕೆ ಕಾರ್ಡ್ ಇಟ್ಟುಕೊಳ್ಳಿ. ಬೆರಾ ಮಾಡುವುದಿದ್ದರೆ ಮಗು ಅಲ್ಲೇ ನಿದ್ದೆ ಮಾಡಬೇಕು. ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ಬಸ್ಸಿನಲ್ಲಿ ನಿದ್ದೆ ಹೋಗದಂತೆ ನೋಡಿಕೊಳ್ಳಿ, ಕಿಟಕಿ ಪಕ್ಕ ಕೂರಿಸಿ. ಹೊರಗೆ ಏನು ಕಾಣುತ್ತದೋ ಅದನ್ನೇ ಒಂದೊಂದಾಗಿ ಹೇಳುತ್ತಾ ಹೋಗಿ. ಎಮ್ಮೆ ಬಂತು. ಕೆರೆ ಬಂತು. ಸೇತುವೆ ಬಂತು.